ಮಗುವಿನ ಕಣ್ಣುಗುಡ್ಡೆ ಕುಣಿಯುತ್ತಿವೆ, ನಡಿಗೆ ತಪ್ಪಿದೆ: ಕಾಯಬೇಕೇ?

ಪ್ರಶ್ನೆ: ಮಗುವಿನ ಸೋದರಮಾವ, ಗಂಗಾವತಿ ತಾಲೂಕು

ನಮಸ್ಕಾರ ರೀ ಡಾಕ್ಟರ್ ಮೇಡಂ. ನಮ್ಮ ಅಕ್ಕನ ಮಗಳಿಗೆ ಒಂದೂವರೆ ವರ್ಷ, ತೂಕ 10 ಕೆ.ಜಿ. ಚಲೋ ಅಡ್ಡಾಡ್ತಿದ್ಲು. ನೆಗಡಿ-ಜ್ವರ ಬಂದು ಹೋದಮ್ಯಾಲೆ ಕುಡದೋರಂಗ ಓಲಾಡಾಕ ಹತ್ತಿದ್ಲು, ಈಗ ಕುಂದ್ರಾಕೂ ಆಗವಲ್ದು. ಕೈಕಾಲು ಜರ್ಕ್ ಹೊಡಿತಾವ, ಕಣ್ಣಿನ ಗುಡ್ಡಿ ಅತ್ಲಾಗ ಇತ್ಲಾಗ ಕುಣಿತಾವ. ರಾತ್ರಿ ನಿದ್ದಿಲ್ಲ, ಮುಟ್ಟಿದ್ರ ಚೀರ್ತಾಳ. ತಲಿ ಎಂಆರ್‌ಐ ನಾರ್ಮಲ್ ಐತಿ. "ವೈರಲ್ ಆದಮ್ಯಾಲೆ ಹಿಂಗ ಆಗ್ತೈತಿ, ತಾನ ಕಡಿಮಿ ಆಗ್ತೈತಿ" ಅಂದಾರ. ಕಾಯಬೇಕೇನ್ರಿ?

ಉತ್ತರ: ಮಕ್ಕಳ ನರರೋಗ ತಜ್ಞೆ

ಕಾಯಬೇಡಿ. ವೈರಲ್ ಜ್ವರ ಅಥವಾ ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಬಂದುಹೋದ ಮೇಲೆ ಮಕ್ಕಳಿಗೆ ಓಲಾಟ ಬರುವುದು ನಿಜ, ಅದು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆದರೆ ಆ ಮಕ್ಕಳು ಓಲಾಡುತ್ತಲೇ ನಗುತ್ತ ಆಡಿಕೊಂಡಿರುತ್ತಾರೆ. ಓಲಾಟ, ಜರ್ಕ್, ಕುಣಿಯುವ ಕಣ್ಣು, ನಿದ್ದೆಗೇಡು, ವಿಪರೀತ ಸಿಡುಕು ಇಷ್ಟೂ ಒಂದೇ ಮಗುವಿನಲ್ಲಿ ಕೂಡಿಬಂದರೆ ಮೊದಲು ಯೋಚಿಸಬೇಕಾದದ್ದು ಆಪ್ಸೊಕ್ಲೋನಸ್-ಮಯೋಕ್ಲೋನಸ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆ. 1962ರಲ್ಲಿ ವೈದ್ಯ ಮಾರ್ಸೆಲ್ ಕಿನ್ಸ್‌ಬೋರ್ನ್ ಇಂಥ ಆರು ಮಕ್ಕಳನ್ನು ವಿವರಿಸಿದರು. ಹೆಚ್ಚಾಗಿ ಕಾಣುವುದು 6 ತಿಂಗಳಿಂದ 3 ವರ್ಷದೊಳಗೆ. ಇದರಲ್ಲಿ ತಲೆಯ ಎಂಆರ್‌ಐ, ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಬಹುತೇಕ ನಾರ್ಮಲ್ಲೇ ಇರುತ್ತವೆ, ಹಾಗಾಗಿ ನಿಮ್ಮ ಕೈಲಿರುವ ರಿಪೋರ್ಟ್ ಈ ಕಾಯಿಲೆಯನ್ನು ತಳ್ಳಿಹಾಕುವುದಿಲ್ಲ. ಜರ್ಕ್ ಇದ್ದರೂ ಇದು ಮೂರ್ಛೆರೋಗವಲ್ಲ, ಫಿಟ್ಸ್ ಮಾತ್ರೆಗೆ ಬಗ್ಗುವುದಿಲ್ಲ.

ಮಗುವಿನ ರೋಗನಿರೋಧಕ ಶಕ್ತಿ ತನ್ನದೇ ಮಿದುಳಿನ ಮೇಲೆ ತಿರುಗಿಬೀಳುವುದು ಇದರ ಮೂಲ. ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಅದಕ್ಕೆ ಕಾರಣ ಹೊಟ್ಟೆ, ಎದೆ, ಕುತ್ತಿಗೆ ಅಥವಾ ಕಿಬ್ಬೊಟ್ಟೆಯಲ್ಲಿ ಅಡಗಿರುವ ನ್ಯೂರೋಬ್ಲಾಸ್ಟೋಮ ಎಂಬ ಕ್ಯಾನ್ಸರ್ ಗೆಡ್ಡೆ. ಹೆಸರು ಕೇಳಿ ಧೈರ್ಯಗೆಡಬೇಡಿ. ಈ ಕಾಯಿಲೆಯ ಜೊತೆ ಸಿಗುವ ಗೆಡ್ಡೆ ಹೆಚ್ಚಾಗಿ ಸಣ್ಣದು, ಆರಂಭದ ಹಂತದ್ದು, ಮಕ್ಕಳು ಬದುಕಿ ಉಳಿಯುವ ಸಾಧ್ಯತೆ ಬಹಳ ಚೆನ್ನಾಗಿದೆ. ಗೆಡ್ಡೆ ಸಣ್ಣದಾಗಿರುವುದರಿಂದಲೇ ಹುಡುಕುವುದು ಕಷ್ಟ.

ಇವತ್ತೇ ಮೊಬೈಲಿನಲ್ಲಿ ವಿಡಿಯೊ ಮಾಡಿ. ಕಣ್ಣು ಆಗಾಗ ಮಾತ್ರ ಕುಣಿಯುವುದರಿಂದ ಓಪಿಡಿಯಲ್ಲಿ ಆ ಐದು ನಿಮಿಷ ಸುಮ್ಮನಿದ್ದುಬಿಡಬಹುದು. ಕಿಟಕಿಯ ಬೆಳಕಿಗೆ ಮಗುವನ್ನು ಕೂರಿಸಿ, ಫೋನ್ ಅಡ್ಡ ಹಿಡಿದು, ಕಣ್ಣು ಎರಡೂ ತುಂಬುವ ಹಾಗೆ ಅರ್ಧ ನಿಮಿಷ ತೆಗೆಯಿರಿ. ಒಂದು ಆಟಿಕೆಯಿಂದ ಇನ್ನೊಂದರ ಕಡೆ ನೋಟ ತಿರುಗಿಸಿ, ಕುಣಿತ ಆಗಲೇ ಜಾಸ್ತಿ. ಅಳುವಾಗ ಒಂದು, ನಿದ್ದೆಯಲ್ಲಿ ರೆಪ್ಪೆಯ ಕೆಳಗೆ ಗುಡ್ಡೆ ಓಡಾಡುವುದು ಒಂದು, ಆಸರೆ ಕೊಟ್ಟು ನಿಲ್ಲಿಸಿ ಒಂದು. ಸಾಮಾನ್ಯವಾಗಿ ಕಣ್ಣು ಅದುರಿದರೆ ಅದಕ್ಕೆ ಒಂದು ಲಯವಿರುತ್ತದೆ. ಇಲ್ಲಿ ಲಯವಿಲ್ಲ, ಮೇಲೆ, ಕೆಳಗೆ, ಓರೆ, ಎಲ್ಲ ಕಡೆಗೂ ಸರಸರನೆ ಹಾರುತ್ತವೆ.

ಗದ್ದೆಗೆ ಹೊಡೆಯುವ ಔಷಧ ಮಗುವಿನ ಕೈಗೆ ಸಿಕ್ಕಿತ್ತೇ ಎಂದು ಮನೆಯಲ್ಲಿ ವಿಚಾರಿಸಿ. ಜೊಲ್ಲು, ಬೆವರು, ವಾಂತಿ, ಚುಕ್ಕಿಯಷ್ಟಾದ ಕಣ್ಣಪಾಪೆ ಇದ್ದರೆ ಅದು ವಿಷದ ಲಕ್ಷಣ, ತಕ್ಷಣ ಎಮರ್ಜೆನ್ಸಿಗೆ ಒಯ್ಯಿರಿ. ಬರೆ ಹಾಕಿಸಲು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಮುಂದೆ ಸ್ಟೀರಾಯ್ಡ್ ಶುರುವಾದಾಗ ಆ ಗಾಯವೇ ಕೀವಾಗಿ ಚಿಕಿತ್ಸೆಗೆ ಅಡ್ಡ ಬರುತ್ತದೆ.

ಮರುಪ್ರಶ್ನೆ: ಸೋದರಮಾವ

ಹೊಟ್ಟಿ ಸ್ಕ್ಯಾನಿಂಗ್ ಮಾಡ್ಸೇವ್ರಿ ಮೇಡಂ, ಏನೂ ಇಲ್ಲ ಅಂದಾರ. ಮತ್ತ ಯಾವ ಟೆಸ್ಟು? ಎಲ್ಲಿಗೆ ಹೋಗೂದು?

ಉತ್ತರ: ಮಕ್ಕಳ ನರರೋಗ ತಜ್ಞೆ

ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ ಎರಡೂ ಸಣ್ಣ ಗೆಡ್ಡೆಯನ್ನು ಬಿಟ್ಟುಬಿಡುತ್ತವೆ. ಮೂತ್ರದಲ್ಲಿ ವಿಎಂಎ, ಎಚ್‌ವಿಎ (ಈ ಗೆಡ್ಡೆಯಿಂದ ಹೆಚ್ಚುವ ರಾಸಾಯನಿಕಗಳು) ನೋಡಬೇಕು, ಆದರೆ ಈ ಮಕ್ಕಳಲ್ಲಿ ಅದು ನಾರ್ಮಲ್ ಬಂದರೂ ಗೆಡ್ಡೆ ಇಲ್ಲ ಎನ್ನುವ ಹಾಗಿಲ್ಲ. ಕುತ್ತಿಗೆಯಿಂದ ಕಿಬ್ಬೊಟ್ಟೆಯವರೆಗೆ ಎಂಆರ್‌ಐ ಅಥವಾ ಕಾಂಟ್ರಾಸ್ಟ್ ಸಿಟಿ ಆಗಲೇಬೇಕು. ಜೊತೆಗೆ ಎಂಐಬಿಜಿ ಸ್ಕ್ಯಾನ್ (ಗೆಡ್ಡೆ ಹೀರಿಕೊಳ್ಳುವ ವಿಕಿರಣಶೀಲ ಅಯೋಡಿನ್ ಔಷಧ ಕೊಟ್ಟು ತೆಗೆಯುವುದು). ಅದಕ್ಕೆ ಮುಂಚೆ ಥೈರಾಯ್ಡ್ ಕಾಪಾಡಲು ಅಯೋಡಿನ್ ಹನಿ ಕೊಡುತ್ತಾರೆ, ತಪ್ಪಿಸಬೇಡಿ. ಸ್ಯೂಡೋಎಫಿಡ್ರಿನ್, ಫಿನೈಲ್‌ಎಫ್ರಿನ್ ಇರುವ ನೆಗಡಿ ಸಿರಪ್ ಈ ಸ್ಕ್ಯಾನನ್ನು ಕೆಡಿಸುತ್ತದೆ, ಕುಡಿಸುತ್ತಿದ್ದರೆ ಬಾಟಲಿಯನ್ನೇ ಒಯ್ದು ತೋರಿಸಿ. ಮೊದಲ ಸಲ ಏನೂ ಸಿಗದಿದ್ದರೆ ಕೆಲವು ತಿಂಗಳ ಬಳಿಕ ಮತ್ತೆ ಹುಡುಕುತ್ತಾರೆ.

ಕೊಪ್ಪಳದ ಕಿಮ್ಸ್ ಇಲ್ಲವೇ ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್) ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ ವಿಡಿಯೊ ತೋರಿಸಿ, ಮುಂದಕ್ಕೆ ರೆಫರಲ್ ಪತ್ರ ತೆಗೆದುಕೊಳ್ಳಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದಾಖಲಾಗಲು ಈ ಪತ್ರ, ರೇಷನ್ ಕಾರ್ಡ್, ಆಧಾರ್ ಕೇಳುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಗೆಡ್ಡೆ ಸಿಕ್ಕರೆ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ.

ಗೆಡ್ಡೆ ತೆಗೆದ ಮಾತ್ರಕ್ಕೆ ಕಣ್ಣಿನ ಕುಣಿತ ನಿಲ್ಲುವುದಿಲ್ಲ, ಇದನ್ನು ಮನೆಯವರೆಲ್ಲ ತಿಳಿದಿರಬೇಕು. ತಿರುಗಿಬಿದ್ದ ರೋಗನಿರೋಧಕ ಶಕ್ತಿಯನ್ನು ಬೇರೆಯಾಗಿ ತಣಿಸಬೇಕು. ಎಸಿಟಿಎಚ್ (ದೇಹದ ಸ್ವಂತ ಸ್ಟೀರಾಯ್ಡ್ ಹೆಚ್ಚಿಸುವ ಹಾರ್ಮೋನ್) ಅಥವಾ ಸ್ಟೀರಾಯ್ಡ್, ಅದರ ಜೊತೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ, ರಕ್ತನಾಳಕ್ಕೆ ಏರಿಸುವ ಪ್ರತಿಕಾಯ), ಬೇಕಾದರೆ ರಿಟುಕ್ಸಿಮ್ಯಾಬ್ (ರೋಗನಿರೋಧಕ ಬಿ ಕೋಶಗಳನ್ನು ಇಳಿಸುವ ಔಷಧ). ಐವಿಐಜಿ ಕೆ.ಜಿ.ಗೆ 2 ಗ್ರಾಂ ಲೆಕ್ಕ ಹಿಡಿದರೆ ನಿಮ್ಮ ಮಗುವಿಗೆ 20 ಗ್ರಾಂ, 5 ಗ್ರಾಂನ ನಾಲ್ಕು ಬಾಟಲಿ, ಕೆಲವು ದಿನಗಳಲ್ಲಿ ಹಂಚಿ ಏರಿಸುತ್ತಾರೆ. ದುಬಾರಿ ಔಷಧ, ಯೋಜನೆಯಲ್ಲಿ ಮಂಜೂರಾಗುತ್ತದೆಯೇ ಎಂದು ದಾಖಲಾಗುವ ದಿನವೇ ಆರೋಗ್ಯಮಿತ್ರರನ್ನು (ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರು) ಕೇಳಿ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವುದಾದರೆ ತಿಂಗಳಿಗೆ ಮೂರು ದಿನದ ಪಲ್ಸ್ (ದೊಡ್ಡ ಡೋಸ್). ಸ್ಟೀರಾಯ್ಡ್‌ಗೆ ಮೊದಲು ಕ್ಷಯದ ಪರೀಕ್ಷೆ, ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿ.

ಹೆಚ್ಚಿನವರು ಎಡವುವುದು ಇಲ್ಲಿ: ಮಗು ನಡೆಯತೊಡಗಿತು, ಮುಖ ಊದಿತು ಎಂದು ದಿನಾ ಕೊಡುವ ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಿಬಿಡುತ್ತಾರೆ. ದೇಹ ತನ್ನ ಸ್ಟೀರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಬಿಪಿ ಕುಸಿದು ಜೀವಕ್ಕೇ ಕುತ್ತು. ಡೋಸ್ ಇಳಿಸುವುದು ಮೆಲ್ಲಮೆಲ್ಲಗೆ, ವೈದ್ಯರ ಲೆಕ್ಕದಲ್ಲೇ. ಚಿಕಿತ್ಸೆ ವರ್ಷಕ್ಕಿಂತ ಹೆಚ್ಚು ನಡೆಯುವುದು ಸಾಮಾನ್ಯ. ಜ್ವರ ಬಂದಾಗ ಕಣ್ಣಿನ ಕುಣಿತ, ಓಲಾಟ ಮರುಕಳಿಸಬಹುದು. ಜ್ವರ ಬಂದ ದಿನವೇ ವೈದ್ಯರಿಗೆ ತೋರಿಸಿ. ತಡವಾದಷ್ಟೂ, ಮರುಕಳಿಸಿದಷ್ಟೂ ಮಾತು, ಕಲಿಕೆ, ನಡತೆಗೆ ಪೆಟ್ಟು. ಫಿಸಿಯೋಥೆರಪಿ, ಸ್ಪೀಚ್ ಥೆರಪಿಯನ್ನು ಚಿಕಿತ್ಸೆಯ ಜೊತೆಗೇ ಶುರುಮಾಡಿ.

ಪ್ರಶ್ನೆ: ಸಮುದಾಯ ಆರೋಗ್ಯ ಅಧಿಕಾರಿ, ಸಿರುಗುಪ್ಪ ತಾಲೂಕು

ಮೇಡಂ, ನಮ್ಮ ಉಪಕೇಂದ್ರಕ್ಕೆ ನಡುಕದ ಮಕ್ಕಳು ಬಂದರೆ ಬಿ12 ಕೊರತೆಯ ನಡುಕ ಅಂತಲೇ ಅಂದುಕೊಳ್ಳುತ್ತೇವೆ. ಬೇರ್ಪಡಿಸುವುದು ಹೇಗೆ? ಮತ್ತೆ ಇಂಥ ಮಗುವಿಗೆ 16-24 ತಿಂಗಳ ಲಸಿಕೆ ಹಾಕಬಹುದೇ?

ಉತ್ತರ: ಮಕ್ಕಳ ನರರೋಗ ತಜ್ಞೆ

ಬಿ12 ಕೊರತೆಯ ಮಗು ಮಂಕಾಗಿರುತ್ತದೆ, ಸಿಡುಕುವುದಕ್ಕಿಂತ ಸುಮ್ಮನೆ ನೋಡುತ್ತಿರುತ್ತದೆ. ರಕ್ತಹೀನತೆ, ಬೆರಳ ಗೆಣ್ಣು ಕಪ್ಪು, ಕೂದಲು ತೆಳುವಾಗಿ ಕಂದು, ಕಲಿತ ಆಟ ಮರೆತಿರುತ್ತದೆ. ಮೇಲಿನ ಊಟ ಶುರುವಾಗಿರುವುದಿಲ್ಲ, ತಾಯಿಯಲ್ಲೂ ಬಿ12 ಕಡಿಮೆ. ನಡುಕ ನಿದ್ದೆಯಲ್ಲಿ ನಿಲ್ಲುತ್ತದೆ, ಕಣ್ಣು ಕುಣಿಯುವುದಿಲ್ಲ. ಬಿ12 ಶುರುಮಾಡಿದ ಮೊದಲ ದಿನಗಳಲ್ಲಿ ನಡುಕ ಹೆಚ್ಚಬಹುದು, ಅದನ್ನು ಕಂಡು ಬಿಡಿಸಬೇಡಿ. ಫೋಲಿಕ್ ಆಸಿಡ್ ಒಂದನ್ನೇ ಕೊಡಬೇಡಿ: ರಕ್ತ ಸುಧಾರಿಸಿದಂತೆ ಕಂಡು ನರ ಕೆಡುತ್ತಲೇ ಹೋಗುತ್ತದೆ. ಜೋಳ, ರಾಗಿಯಲ್ಲಿ ಬಿ12 ಇಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ ಬೇಕು, ತಾಯಿಗೂ ಚಿಕಿತ್ಸೆ ಬೇಕು.

ಲಸಿಕೆಯ ಪ್ರಶ್ನೆ ಬಹಳ ಮುಖ್ಯ, ಕೇಳಿದ್ದು ಒಳ್ಳೆಯದಾಯಿತು. ಚಿಕಿತ್ಸೆಯಲ್ಲಿರುವ ಮಗುವಿಗೆ ಎಂಆರ್ (ದಡಾರ-ರುಬೆಲ್ಲಾ) ಎರಡನೇ ಡೋಸ್, ಪೋಲಿಯೊ ಹನಿ, ಮಿದುಳು ಜ್ವರದ ಜೀವಂತ ಲಸಿಕೆ ಯಾವುದನ್ನೂ ಹಾಕಬೇಡಿ. ಕೆ.ಜಿ.ಗೆ 2 ಗ್ರಾಂ ಡೋಸಿನ ಐವಿಐಜಿ ಆದ ಮೇಲೆ ಎಂಆರ್‌ಗೆ 11 ತಿಂಗಳು ಬಿಡಬೇಕು, ಇಲ್ಲದಿದ್ದರೆ ಲಸಿಕೆ ನಾಟುವುದಿಲ್ಲ. ರಿಟುಕ್ಸಿಮ್ಯಾಬ್ ಪಡೆದಿದ್ದರೆ ಯಾವಾಗ ಹಾಕಬೇಕೆಂದು ಚಿಕಿತ್ಸೆ ಕೊಟ್ಟವರೇ ಬರೆದುಕೊಡಬೇಕು. ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿಡಿ, ಪಲ್ಸ್ ಪೋಲಿಯೊ ತಂಡದವರು ಮನೆಗೆ ಬಂದಾಗ ಗೊತ್ತಿಲ್ಲದೆ ಹನಿ ಹಾಕಿಬಿಡುತ್ತಾರೆ. ಅದೇ ಮನೆಯ ಬೇರೆ ಮಕ್ಕಳಿಗೆ ಹನಿ ಹಾಕುವ ಮುನ್ನವೂ ಮಕ್ಕಳ ತಜ್ಞರನ್ನು ಕೇಳಿ. ಮನೆಯಲ್ಲಾಗಲಿ ಅಂಗನವಾಡಿಯಲ್ಲಾಗಲಿ ಯಾರಿಗಾದರೂ ಸೀತಾಳೆ ಸಿಡುಬು ಕಂಡರೆ ಮೈಮೇಲೆ ಗುಳ್ಳೆ ಏಳುವವರೆಗೆ ಕಾಯದೆ ಈ ಮಗುವನ್ನು ಅದೇ ದಿನ ಆಸ್ಪತ್ರೆಗೆ ಕಳಿಸಿ.