ಕೆಂಪು ಮಸ್ಟಾಂಗ್‌ಗೆ ಅಡ್ವಾನ್ಸ್ ಕೊಡೋದಾ ಬೇಡ್ವಾ?

ಗುಂಪು: ಮೆಕ್ಯಾನಿಕಲ್ ಹಳೇ ಬ್ಯಾಚ್

ಹರೀಶ: 14 ಫೋಟೊ ಹಾಕಿದೀನಿ, ಎಲ್ರೂ ನೋಡಿ. 1965ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್ (ಟಾಪ್ ಮಡಚೋ ಗಾಡಿ), ಅದೂ ಜಿಟಿ, ಅಂದ್ರೆ ಸ್ಪೋರ್ಟಿ ಪ್ಯಾಕೇಜ್ ಇರೋದು. ಗಾಡಿ ಅರಿಜೋನಾದಲ್ಲಿದೆ. ಜಾಹೀರಾತಲ್ಲಿ ಇರೋದು ಇಷ್ಟು: ಪೂರ್ತಿ ರಿಸ್ಟೋರ್ ಆಗಿದೆ, ಮ್ಯಾಚಿಂಗ್ ನಂಬರ್ಸ್ (ಎಂಜಿನ್ ನಂಬರ್ ಗಾಡಿ ನಂಬರ್‌ಗೆ ಹೊಂದುತ್ತೆ ಅಂತ), ನಾಲ್ಕು ಬ್ಯಾರಲ್ (ಗಾಳಿ ದಾರಿ) ಕಾರ್ಬೊರೇಟರ್, 225 ಎಚ್‌ಪಿ, ಮೂಲ ಕೆಂಪು ಬಣ್ಣ. ಕೇಳ್ತಿರೋದು 52 ಸಾವಿರ ಡಾಲರ್. ನಾಲ್ಕು ಜನ ಸೇರಿ ತಗೊಳ್ಳೋಣ ಅಂದಿದ್ವಲ್ಲ, ಇದೇ ಆಗ್ಲಿ. ನಾಳೆ ಸಂಜೆಯೊಳಗೆ 2,000 ಡಾಲರ್ ಅಡ್ವಾನ್ಸ್ ಕೊಟ್ರೆ ಬೇರೆಯವರಿಗೆ ಕೊಡಲ್ಲ ಅಂತ ಮಾರೋನು ಹೇಳ್ತಿದಾನೆ.

ನಾಗೇಂದ್ರ: ಎಂಥ ಚಂದ ಉಂಟು ಮಾರಾಯ! ನನ್ನ ಪಾಲು ರೆಡಿ.

ಮಂಜು: ಕ್ರೋಮ್ ನೋಡ್ರೋ, ಕನ್ನಡಿ ಥರ ಇದೆ.

ಶಿವು: ಹರೀಶ, ಸ್ವಲ್ಪ ತಡಿ. 9ನೇ ಫೋಟೊದಲ್ಲಿ ಡ್ರೈವರ್ ಕಡೆ ಒಳ ಫೆಂಡರ್ ತಗಡಿನ ಮೇಲೆ ಕಾರ್ಖಾನೆಯಲ್ಲಿ ಹೊಡೆದಿರೋ ಗಾಡಿ ನಂಬರ್ ಕಾಣ್ತಿದೆ. 5R08C ಅಂತ ಶುರು. 5 ಅಂದ್ರೆ 1965, R ಅಂದ್ರೆ ಸ್ಯಾನ್ ಹೋಸೆ ಕಾರ್ಖಾನೆ, 08 ಅಂದ್ರೆ ಕನ್ವರ್ಟಿಬಲ್. ಇಲ್ಲೀವರೆಗೂ ಸರಿ. ಆದ್ರೆ C ಅಂದ್ರೆ 289 ಘನ ಇಂಚಿನ ಎಂಜಿನ್, *ಎರಡು* ಬ್ಯಾರಲ್ ಕಾರ್ಬೊರೇಟರ್, 200 ಎಚ್‌ಪಿ. ನಾಲ್ಕು ಬ್ಯಾರಲ್‌ನ 225 ಎಚ್‌ಪಿ ಎಂಜಿನ್‌ಗೆ A ಇರ್ಬೇಕು. 271 ಎಚ್‌ಪಿದಕ್ಕೆ K.

ಹರೀಶ: ಇನ್‌ಟೇಕ್ ಮತ್ತೆ ಕಾರ್ಬೊರೇಟರ್ ಬದಲಾಯಿಸಿದಾರೆ ಅಷ್ಟೇ ಅಲ್ವಾ? ಈಗ 225 ಬರುತ್ತಲ್ಲ.

ಶಿವು: ಬರಲ್ಲ ಕಣೋ. ಆ ವರ್ಷದ C ಎಂಜಿನ್ ಕಂಪ್ರೆಷನ್ (ಸಿಲಿಂಡರ್ ಒಳಗಿನ ಮಿಶ್ರಣನ ಎಷ್ಟು ಪಟ್ಟು ಒತ್ತುತ್ತೆ ಅನ್ನೋದು) 9.3:1, A ಎಂಜಿನ್‌ದು 10:1. ಮೇಲೆ ದೊಡ್ಡ ಕಾರ್ಬೊರೇಟರ್ ಕೂರಿಸಿದ ಮಾತ್ರಕ್ಕೆ ಒಳಗಿನ ಕಂಪ್ರೆಷನ್ ಏರಲ್ಲ. ಇನ್ನೊಂದು ದೊಡ್ಡ ವಿಷಯ, ಜಿಟಿ ಪ್ಯಾಕೇಜ್ ಬಂದಿದ್ದೇ 1965ರ ಏಪ್ರಿಲ್‌ನಲ್ಲಿ, ಅದನ್ನ A ಅಥವಾ K ಎಂಜಿನ್ ಜೊತೆ ಮಾತ್ರ ಕೊಡ್ತಿದ್ರು. C ಎಂಜಿನ್ ಗಾಡಿಗೆ ಕಾರ್ಖಾನೆಯಿಂದ ಜಿಟಿ ಬರೋ ಹಾಗೇ ಇಲ್ಲ. ಗ್ರಿಲ್‌ನ ಫಾಗ್ ಲ್ಯಾಂಪು, ಪಟ್ಟಿ, ಬ್ಯಾಡ್ಜು ಎಲ್ಲ ಆಮೇಲೆ ಹಾಕಿರೋದು. ಆ ಸಾಮಾನೆಲ್ಲ ಹೊಸದಾಗೇ ಮಾರ್ಕೆಟ್‌ನಲ್ಲಿ ಸಿಗುತ್ತೆ.

ನಾಗೇಂದ್ರ: ಹಾಕಿದ್ರೆ ಹಾಕ್ಲಿ, ಓಡ್ಸೋಕೆ ಏನು ತೊಂದ್ರೆ ಉಂಟು?

ಶಿವು: ಓಡ್ಸೋಕೆ ತೊಂದ್ರೆ ಇಲ್ಲ. ಬೆಲೆ ಕೇಳೋದ್ರಲ್ಲಿ ತೊಂದ್ರೆ. ಅವನು ಕೇಳ್ತಿರೋದು ಜಿಟಿ ಬೆಲೆ, ಮಾರ್ತಿರೋದು ಸಾದಾ C ಗಾಡಿ. ನಾಳೆ ನಾವು ಮಾರೋಕೆ ಹೋದ್ರೆ ಮೊದಲ ಕಲೆಕ್ಟರ್ ಬಾನೆಟ್ ಎತ್ತಿ ಆ ಒಂದಕ್ಷರ ಓದ್ತಾನೆ, ಅಲ್ಲಿಗೆ ಮುಗೀತು.

ಹರೀಶ: ಮ್ಯಾಚಿಂಗ್ ನಂಬರ್ಸ್ ಅಂತ ಸ್ಪಷ್ಟವಾಗಿ ಬರೆದಿದಾನಲ್ಲಪ್ಪ.

ಶಿವು: ಅದೇ ನನಗೆ ಜಾಸ್ತಿ ಅನುಮಾನ. 1965ರಲ್ಲಿ ಫೋರ್ಡ್‌ನವರು K ಎಂಜಿನ್ ಬ್ಲಾಕ್ ಮೇಲೆ ಮಾತ್ರ ಗಾಡಿ ನಂಬರ್ ಹೊಡೀತಿದ್ರು. C, A ಬ್ಲಾಕ್‌ಗಳ ಮೇಲೆ ಗಾಡಿ ನಂಬರೇ ಇರಲ್ಲ, ಇನ್ನು ಮ್ಯಾಚ್ ಆಗೋದು ಯಾವುದಕ್ಕೆ? ನೋಡೋಕೆ ಆಗೋದು ಎರಕದ ನಂಬರ್ ಮತ್ತೆ ಎರಕದ ದಿನಾಂಕ. 5D20 ಅಂದ್ರೆ 1965, D ಅಂದ್ರೆ ಏಪ್ರಿಲ್, 20ನೇ ತಾರೀಕು. ಗಾಡಿ ಜೋಡಿಸಿದ ದಿನಕ್ಕಿಂತ ಕೆಲವು ವಾರ ಹಿಂದಿನ ದಿನಾಂಕ ಇದ್ರೆ 'ಕಾಲಕ್ಕೆ ಹೊಂದುತ್ತೆ' ಅನ್ನಬಹುದು, ಅದಕ್ಕಿಂತ ಜಾಸ್ತಿ ಹೇಳೋಕಾಗಲ್ಲ. 302 ಎಂಜಿನ್ ಕೂರಿಸಿ 289 ಅಂತ ಮಾರೋರೂ ಇದಾರೆ, ಹೊರಗಿಂದ ಎರಡೂ ಒಂದೇ ಥರ. ಬೋರ್ (ಸಿಲಿಂಡರ್ ಅಗಲ) ಎರಡಕ್ಕೂ 4 ಇಂಚು, ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಮಾತ್ರ 302ರಲ್ಲಿ 2.87ರ ಬದಲು 3 ಇಂಚು.

ಪದ್ಮಾ: ಈಗ ನೋಡಿದೆ. 11ನೇ ಫೋಟೊ ಝೂಮ್ ಮಾಡಿ, ಬಾಗಿಲಿನ ಡೇಟಾ ಪ್ಲೇಟ್. 76A, ಅಂದ್ರೆ ಕನ್ವರ್ಟಿಬಲ್, ಸಾದಾ ಒಳಾಂಗಣ. ಬಣ್ಣದ ಕೋಡ್ M, ಅಂದ್ರೆ ವಿಂಬಲ್ಡನ್ ವೈಟ್. ಆ ಕೆಂಪಿಗೆ, ರಂಗೂನ್ ರೆಡ್‌ಗೆ, J ಇರ್ಬೇಕಿತ್ತು. ಮೂಲ ಬಣ್ಣ ಅನ್ನೋದೂ ಸುಳ್ಳು. ಜೋಡಣೆ ದಿನಾಂಕ 12E, ಮೇ 12. ಮಾರಾಟ ಜಿಲ್ಲೆ ಕೋಡ್ 74, ಅಂದ್ರೆ ಸಿಯಾಟಲ್‌ಗೆ ಹೋದ ಗಾಡಿ.

ನಾಗೇಂದ್ರ: ಬಿಳಿ ಇದ್ದದ್ದು ಕೆಂಪಾಯ್ತು, ಇರ್ಲಿ ಬಿಡು. ಅರಿಜೋನಾ ಗಾಡಿ ಅಲ್ವಾ, ಒಣ ಹವೆ, ತುಕ್ಕು ಇರೋದಿಲ್ಲ. ಅದೇ ದೊಡ್ಡ ಲಾಭ.

ಪದ್ಮಾ: ನಾಗೇಂದ್ರ, ಗಾಡಿ ಈಗ ನಿಂತಿರೋ ಊರು ಮುಖ್ಯ ಅಲ್ಲ, ಬದುಕಿದ ಊರು ಮುಖ್ಯ. ಮಾರಾಟಕ್ಕೆ ಹೋಗಿದ್ದು ಸಿಯಾಟಲ್‌ಗೆ, ಮಳೆ ಊರಿಗೆ, ಅದೂ ಬಟ್ಟೆ ಟಾಪಿನ ಗಾಡಿ. ಹಾಗಾಗಿ ನನಗೆ ಜಿಟಿ ಬ್ಯಾಡ್ಜಿಗಿಂತ ಕೆಳಗಿನ ತಗಡಿನ ಚಿಂತೆ ಜಾಸ್ತಿ. 14 ಫೋಟೊದಲ್ಲಿ ಕೆಳಗಿಂದ ತೆಗೆದಿರೋದು ಒಂದೇ, ಅದ್ರಲ್ಲೂ ದಪ್ಪ ಕಪ್ಪು ಅಂಡರ್‌ಕೋಟಿಂಗ್ (ತುಕ್ಕು ತಡೆಯೋ ಲೇಪ) ಬಿಟ್ರೆ ಏನೂ ಕಾಣಲ್ಲ.

ಪದ್ಮಾ: ಸ್ವಲ್ಪ ಉದ್ದ ಬರೀತೀನಿ, ಓದಿ. ಮಸ್ಟಾಂಗ್‌ಗೆ ಬೇರೆ ಛಾಸಿ ಇಲ್ಲ, ಬಾಡಿನೇ ಛಾಸಿ. ಮೇಲಿನ ರೂಫ್ ತೆಗೆದ್ರೆ ಅದು ಮುಚ್ಚಳ ಇಲ್ಲದ ರಟ್ಟಿನ ಡಬ್ಬ, ಹಿಡಿದು ತಿರುಚಿದ್ರೆ ತಿರುಚಿಕೊಳ್ಳುತ್ತೆ. ಅದಕ್ಕೇ ಕನ್ವರ್ಟಿಬಲ್‌ಗೆ ಬಾಗಿಲ ಕೆಳಗಿನ ರಾಕರ್ ಒಳಗೆ ದಪ್ಪ ತಗಡು, ಮುಂದೆ ಎರಡೂ ಕಡೆ ಟಾರ್ಕ್ ಬಾಕ್ಸ್ (ರಾಕರ್‌ನ ಮುಂದಿನ ಫ್ರೇಮ್ ರೈಲಿಗೆ ಬೆಸೆಯೋ ತಗಡಿನ ಪೆಟ್ಟಿಗೆ), ಸೀಟಿನ ಕೆಳಗೆ ಫ್ಲೋರ್‌ಗೆ ಅಗಲವಾದ ಬಲಪಟ್ಟಿ ಕೊಟ್ಟಿದಾರೆ. ಇಡೀ ಗಾಡಿ ನಿಂತಿರೋದು ಇವುಗಳ ಮೇಲೆ, ಮೊದಲು ತುಕ್ಕು ಹಿಡಿಯೋದೂ ಇವೇ.

ನೀರು ಬರೋ ದಾರಿ ಕೌಲ್, ಅಂದ್ರೆ ವಿಂಡ್‌ಶೀಲ್ಡ್ ಕೆಳಗಿನ ತಗಡಿನ ಪೆಟ್ಟಿಗೆ. ಜಾಲರಿಯಿಂದ ಇಳಿದ ಮಳೆನೀರು ಒಳಗೆ ಎರಡು ಗಾಳಿ ತೂತುಗಳ ಸುತ್ತ ಎಬ್ಬಿಸಿರೋ ಕುತ್ತಿಗೆಯ ಪಕ್ಕದಿಂದ ಹರಿದು, ಎರಡು ತುದಿಯಿಂದ ಹೊರಗೆ ಹೋಗ್ಬೇಕು. ಎಲೆ, ಮಣ್ಣು ಕೂತು ತೇವ ನಿಲ್ಲುತ್ತೆ, ಆ ಕುತ್ತಿಗೆಯ ಬುಡ ತುಕ್ಕು ತಿನ್ನುತ್ತೆ, ಅಲ್ಲಿಂದ ನೀರು ನೇರ ಕಾರ್ಪೆಟ್ ಕೆಳಗೆ. ಫ್ಲೋರ್ ಹೋಗುತ್ತೆ, ಆಮೇಲೆ ಟಾರ್ಕ್ ಬಾಕ್ಸ್. ಇದನ್ನ ಸರಿ ಮಾಡೋಕೆ ಕೌಲ್ ಮೇಲಿನ ತಗಡಿನ ನೂರಕ್ಕೂ ಹೆಚ್ಚು ಸ್ಪಾಟ್ ವೆಲ್ಡ್ ಡ್ರಿಲ್ ಮಾಡಿ ಬಿಡಿಸ್ಬೇಕು, ಮುಂದಿನ ಫೆಂಡರ್ ಕಳಚ್ಬೇಕು. ಅಷ್ಟು ಕೆಲಸ ತಪ್ಪಿಸೋಕೆ ಆ ಕುತ್ತಿಗೆಗೆ ಪ್ಲಾಸ್ಟಿಕ್ ಟೋಪಿ ಅಂಟಿಸಿ ಸೀಲೆಂಟ್ ಬಳಿದು, ಹೊಸ ಕಾರ್ಪೆಟ್ ಹಾಸಿ ಮಾರೋರು ಬೇಕಾದಷ್ಟು ಜನ.

ಮಂಜು: ಫೋಟೊದಲ್ಲಿ ಇದೆಲ್ಲ ಹೇಗೆ ಗೊತ್ತಾಗುತ್ತೆ ಪದ್ಮಾ?

ಪದ್ಮಾ: ಫೋಟೊದಲ್ಲಿ ಗೊತ್ತಾಗಲ್ಲ, ಪರೀಕ್ಷೆ ಮಾಡಿಸ್ಬೇಕು. ಕಾರ್ಪೆಟ್ ಮಡಚಿ, ಕೌಲ್ ಜಾಲರಿಗೆ ಒಂದು ಕಡೆ ಆದ್ಮೇಲೆ ಇನ್ನೊಂದು ಕಡೆ ಪೈಪಿಂದ ಐದು ನಿಮಿಷ ನೀರು ಬಿಟ್ಟು, ಡ್ಯಾಶ್ ಕೆಳಗೆ ಟಾರ್ಚ್ ಹಾಕಿ ನೋಡ್ಲಿ. ಇನ್ನೊಂದು, ಟಾಪ್ ಇಳಿಸಿ, ಬಾಗಿಲ ಹಿಂದಿನ ಸಂದು ಅಳೀಲಿ. ಮೇಲೆ ಕಿರಿದಾಗಿ ಕೆಳಗೆ ಅಗಲ ಆಗಿದ್ರೆ ಗಾಡಿ ಮಧ್ಯದಲ್ಲಿ ಕುಸಿದಿದೆ ಅಂತ. ಮುಂದಿನ ಟಾರ್ಕ್ ಬಾಕ್ಸ್ ಹತ್ರ ಜ್ಯಾಕ್ ಕೊಟ್ಟು ಎತ್ತಿದಾಗ ಬಾಗಿಲು ಮುಚ್ಚೋಕೆ ಬಿಗಿಯಾದ್ರೆ ರಾಕರ್ ಒಳಗಿನ ತಗಡು ಸತ್ತಿದೆ ಅಂತಲೇ ತಿಳ್ಕೊಳ್ಳಿ.

ಹರೀಶ: ರಾಕರ್ ಹೊಸದು ಹಾಕಿಸಿದೀನಿ ಅಂತ ಫೋನಲ್ಲಿ ಹೇಳ್ದ.

ಪದ್ಮಾ: ಹಾಕಿದ್ದು ಹೇಗೆ ಅಂತ ಕೇಳಿದ್ಯಾ? ಹಳೇ ರಾಕರ್ ಕತ್ತರಿಸೋ ಮುಂಚೆ ಬಾಗಿಲ ಚೌಕಟ್ಟಿಗೆ ಅಡ್ಡ ಪೈಪು ವೆಲ್ಡ್ ಮಾಡಿ, ಗಾಡಿ ಭಾರ ಸಸ್ಪೆನ್ಷನ್ ಮೇಲೇ ಇರೋ ಹಾಗೆ ನಿಲ್ಲಿಸಿ, ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಮುಟ್ಬೇಕು. ಹಾಗೆ ಮಾಡದೆ ಎರಡೂ ಕಡೆ ಒಟ್ಟಿಗೆ ಕತ್ತರಿಸಿದ್ರೆ ಬಾಡಿ ಬಾಗಿರೋ ಸ್ಥಿತಿಯಲ್ಲೇ ಹೊಸ ತಗಡು ಬಿಗಿದುಕೊಳ್ಳುತ್ತೆ. ಆಮೇಲೆ ಬಾಗಿಲ ಅಂಚಿಗೆ ಪುಟ್ಟಿ ಮೆತ್ತಿ ಸಂದು ಸಮ ಮಾಡ್ತಾರೆ. ಬಣ್ಣದ ದಪ್ಪ ಅಳೆಯೋ ಪೇಂಟ್ ಮೀಟರ್ ಇಟ್ರೆ ಸಿಕ್ಕಿಬೀಳುತ್ತೆ. ಮತ್ತೊಮ್ಮೆ ಬಳಿದಿದ್ರೂ ಬಣ್ಣ ಸಾಮಾನ್ಯವಾಗಿ 10, 12 ಮಿಲ್ (ಒಂದು ಮಿಲ್ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಆಸುಪಾಸು, 30 ತೋರಿಸಿದ್ರೆ ಕೆಳಗಿರೋದು ಪುಟ್ಟಿ.

ನಾಗೇಂದ್ರ: ಇಷ್ಟೆಲ್ಲ ನೋಡ್ತಾ ಕೂತ್ರೆ ಗಾಡಿ ಬೇರೆಯವರ ಪಾಲಾಗ್ತದೆ.

ಪದ್ಮಾ: ಹೋಗ್ಲಿ ಬಿಡು. 1965ರ ಮಾದರಿಯಲ್ಲಿ ಕನ್ವರ್ಟಿಬಲ್‌ಗಳನ್ನೇ ಒಂದು ಲಕ್ಷದ ಮೇಲೆ ಮಾಡಿದಾರೆ. ಸಿಗದೇ ಇರೋ ಗಾಡಿ ಅಲ್ಲ ಇದು.

ಶಿವು: 6ನೇ ಫೋಟೊ ನೋಡಿ, ಬ್ರೇಕ್ ಮಾಸ್ಟರ್ ಸಿಲಿಂಡರ್‌ಗೆ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ಚಕ್ರಗಳಿಗೆ ತಳ್ಳೋದು) ಒಂದೇ ಮುಚ್ಚಳ, ಒಂದೇ ಕೋಣೆ. 1965ರಲ್ಲಿ ಬಂದಿದ್ದೇ ಹಾಗೆ. ಒಂದು ಚಕ್ರದ ಹೋಸ್ ಒಡೆದ್ರೂ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತೆ. ಯಾರೇ ತಗೊಂಡ್ರೂ ಮೊದಲ ಕೆಲಸ ಎರಡು ಕೋಣೆಯದಕ್ಕೆ ಬದಲಾಯಿಸೋದು.

ನಾಗೇಂದ್ರ: ಅದು ಒಪ್ಪೋದಿಲ್ಲ ನಾನು. ಒರಿಜಿನಲ್ ಸಾಮಾನು ತೆಗೆದ್ರೆ ಬೆಲೆ ಬೀಳ್ತದೆ.

ಶಿವು: ಬೋಲ್ಟ್ ಬಿಚ್ಚಿ ಹಾಕೋ ಕೆಲಸ ಅದು, ಕತ್ತರಿಸೋದೇನೂ ಇಲ್ಲ. ಹಳೇದನ್ನ ಡಬ್ಬದಲ್ಲಿಟ್ಟು ಗಾಡಿ ಜೊತೆ ಕೊಟ್ರಾಯ್ತು. ಹೆಂಡತಿ ಮಕ್ಕಳು ಕೂರೋ ಗಾಡಿ ನಾಗೇಂದ್ರ, ಇದರಲ್ಲಿ ನಾನು ಬಗ್ಗಲ್ಲ. ಒಂದು ಎಚ್ಚರಿಕೆ, ಮುಂದೆ ಡಿಸ್ಕ್ ಹಾಕಿದ್ರೆ ಡ್ರಮ್ ಬ್ರೇಕಿನ ಮಾಸ್ಟರ್ ಸಿಲಿಂಡರ್ ಬಳಸ್ಬಾರ್ದು. ಅದರೊಳಗಿನ ವಾಲ್ವ್ ಲೈನಿನಲ್ಲಿ 10 ಪಿಎಸ್‌ಐ ಹತ್ರ ಒತ್ತಡ ಉಳಿಸುತ್ತೆ. ಡ್ರಮ್‌ಗೆ ಅದು ಬೇಕು, ಡಿಸ್ಕ್‌ಗಾದ್ರೆ ಪ್ಯಾಡ್ ಯಾವಾಗ್ಲೂ ಉಜ್ಜುತ್ತಾ ಕಾಯುತ್ತೆ.

ಮಂಜು: ಒಂದೆರಡು ವರ್ಷ ಆದ್ಮೇಲೆ ಮೈಸೂರಿಗೆ ತರೋಕಾಗಲ್ವಾ? ಇಲ್ಲಿ 2021ರಿಂದ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಇದೆ, ನಂಬರಲ್ಲಿ VA ಅಂತ ಬರುತ್ತೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, 10 ವರ್ಷಕ್ಕೆ.

ಶಿವು: ನೋಂದಣಿ ಚಿಕ್ಕ ಖರ್ಚು, ಕಸ್ಟಮ್ಸ್ ಸುಂಕವೇ ಗಾಡಿ ಬೆಲೆ ಮೀರುತ್ತೆ. ಜೊತೆಗೆ ಆ ನಿಯಮದಲ್ಲಿ ಛಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರ್ದು ಅಂತಿದೆ, ಓಡ್ಸೋದೂ ರ‍್ಯಾಲಿ, ಪ್ರದರ್ಶನ ಅಂಥದ್ದಕ್ಕೆ ಮಾತ್ರ. ಆ ಲೆಕ್ಕ ಇಟ್ಕೊಂಡು ಈ ಗಾಡಿ ತಗೋಬೇಡಿ.

ಹರೀಶ: ಸರಿ, ನಾನು ಸುಮ್ನೆ ಬಿಡೋನಲ್ಲ. ಇವತ್ತೇ ಅವನಿಗೆ ಬರೀತೀನಿ. ಕೌಲ್‌ಗೆ ನೀರು ಬಿಡೋ ವಿಡಿಯೊ, ಲಿಫ್ಟ್ ಮೇಲೆ ರಾಕರ್ ಮತ್ತೆ ಟಾರ್ಕ್ ಬಾಕ್ಸ್ ಫೋಟೊ, ಬ್ಲಾಕ್‌ನ ಎರಕದ ದಿನಾಂಕ. ಕೊಟ್ರೆ ಜಿಟಿ ಅಲ್ಲ ಅಂತ ಹೇಳಿ C ಗಾಡಿ ಬೆಲೆಗೆ ಕೇಳ್ತೀನಿ. ಅಲ್ಲೀವರೆಗೂ ಅಡ್ವಾನ್ಸ್ ಇಲ್ಲ.

ಪದ್ಮಾ: ಲಿಫ್ಟ್ ಅಂದ್ರೆ ನಾಲ್ಕು ಚಕ್ರದ ಮೇಲೆ ನಿಲ್ಲೋ ಲಿಫ್ಟ್ ಅಂತ ಬರಿ. ಎರಡು ಕಂಬದ್ದರಲ್ಲಿ ತೋಳು ಎಲ್ಲಿ ಕೊಡ್ತಾರೆ ಅನ್ನೋದರ ಮೇಲೆ ಬಾಡಿ ಬಾಗೋದು ಬದಲಾಗುತ್ತೆ, ಬಾಗಿಲ ಸಂದಿನ ಅಳತೆ ನಂಬೋಕಾಗಲ್ಲ. ಅಂಡರ್‌ಕೋಟಿಂಗ್ ಟಾರ್ಕ್ ಬಾಕ್ಸ್ ಹತ್ರ ಒಂದು ಅಂಗೈ ಅಗಲ ಕೆರೆದು ತೋರಿಸೋಕೆ ಹೇಳು. ಕೆರೆಯಲ್ಲ ಅಂದ್ರೆ ಮುಂದಕ್ಕೆ ಹೋಗೋದೇ ಬೇಡ.

ನಾಗೇಂದ್ರ: ಹಿಂದಿನ ಫ್ರೇಮ್ ರೈಲಿಂದೂ ಒಂದು ಫೋಟೊ ಕೇಳು ಹರೀಶ. ಅಸಲಿ ಜಿಟಿ ಆಗಿದ್ರೆ ಎರಡು ಸೈಲೆನ್ಸರ್ ಪೈಪ್ ಹಿಡಿಯೋ ಬಲತಗಡು ಕಾರ್ಖಾನೆಯಲ್ಲೇ ವೆಲ್ಡ್ ಆಗಿರ್ತದೆ. ಅದಿಲ್ಲದಿದ್ರೆ ಬೆಲೆ ಇಳಿಸೋಕೆ ನಮಗೆ ಇನ್ನೊಂದು ಆಧಾರ ಸಿಗ್ತದೆ.