ತೋಟದ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಕಾಗದದ ಕೆಲಸವೇ ಏಕೆ ಮುಂದಕ್ಕೆ ಹೋಗುತ್ತದೆ?

ಪ್ರಶ್ನೆ: ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಅಡಿಕೆ ತೋಟ ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಮನೆಯಿಂದಲೇ ಪೇಟೆಯ ಕೆಲವು ಅಂಗಡಿಗಳ ಲೆಕ್ಕಪತ್ರ ಬರೆದುಕೊಡುತ್ತೇನೆ. ತೋಟದ ವಿಷಯದಲ್ಲಿ ನನಗೆ ಉದಾಸೀನವಿಲ್ಲ. ಮಳೆಗಾಲ ಹಿಡಿಯುವ ಮೊದಲೇ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಮೊದಲ ಸುತ್ತು ಮುಗಿದಿರುತ್ತದೆ. 40–45 ದಿನಗಳ ನಂತರದ ಎರಡನೆಯ ಸುತ್ತಿಗೆ ಮೈಲುತುತ್ತ, ಸುಣ್ಣ ಎರಡನ್ನೂ ತಂದಿಟ್ಟುಕೊಂಡು ಮಳೆ ಹೊಳವಾಗುವುದನ್ನೇ ಕಾಯುತ್ತಿರುತ್ತೇನೆ. ಆದರೆ ತಂದೆಯವರು ತೀರಿಕೊಂಡ ಮೇಲೆ ಮಾಡಿಸಬೇಕಾದ ಪೌತಿ ಖಾತೆಯ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವ ಅರ್ಜಿ ಇನ್ನೂ ಕಪಾಟಿನಲ್ಲಿಯೇ ಇದೆ. ಅಂಗಡಿಗಳ ಲೆಕ್ಕವೂ ಕೊನೆಯ ಎರಡು ದಿನಗಳವರೆಗೆ ಹಾಗೆಯೇ ಉಳಿದು, ಆಮೇಲೆ ರಾತ್ರಿ ನಿದ್ದೆಗೆಟ್ಟು ಮುಗಿಸಬೇಕಾಗುತ್ತದೆ. ಅದೇ ಮನುಷ್ಯ, ಅದೇ ಮನೆ. ಒಂದು ಕೆಲಸದಲ್ಲಿರುವ ಚುರುಕು ಇನ್ನೊಂದರಲ್ಲಿ ಏಕಿಲ್ಲ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ನಿವೃತ್ತ ಶಿಕ್ಷಕಿ, ಕುಮಟಾ

ನಿಮ್ಮ ಪ್ರಶ್ನೆಯಲ್ಲಿಯೇ ಅರ್ಧ ಉತ್ತರವಿದೆ. ಸೋಮಾರಿಯಾದವನು ತೋಟವನ್ನೂ ಹಾಳುಬಿಡುತ್ತಾನೆ. ಆದ್ದರಿಂದ ಇದನ್ನು ಸೋಮಾರಿತನವೆಂದು ಕರೆದುಕೊಳ್ಳಬೇಡಿ. ಈ ವಿಷಯವನ್ನು ಬಹುಕಾಲ ಅಭ್ಯಾಸ ಮಾಡಿದ ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೊಯಿಸ್ ಮತ್ತು ಟಿಮೊಥಿ ಪಿಚಿಲ್ ಅವರು 2013ರ ಒಂದು ಲೇಖನದಲ್ಲಿ, ಕೆಲಸವನ್ನು ಮುಂದೂಡುವುದು ಸಮಯ ಹೊಂದಿಸಲು ಬಾರದ ದೋಷಕ್ಕಿಂತ ಹೆಚ್ಚಾಗಿ, ಆ ಕೆಲಸ ಎಬ್ಬಿಸುವ ಬೇಸರ, ಅಂಜಿಕೆ, ಸಂಕಟಗಳಿಂದ ಆ ಕ್ಷಣಕ್ಕೆ ಪಾರಾಗುವ ಪ್ರಯತ್ನ ಎಂದು ವಾದಿಸಿದ್ದಾರೆ. ಪೌತಿ ಖಾತೆಗೆ ಅರ್ಜಿ ಕೊಡಬೇಕೆಂದರೆ ತಂದೆಯವರ ಮರಣ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿಯಬೇಕು, ವಂಶವೃಕ್ಷದಲ್ಲಿ ಅವರ ಹೆಸರಿನ ಮುಂದೆ ಮೃತರೆಂದು ಬರೆಸಬೇಕು, ಒಡಹುಟ್ಟಿದವರೊಡನೆ ಪಾಲಿನ ಮಾತು ಎತ್ತಬೇಕು. ಕಪಾಟಿನ ಬಾಗಿಲು ತೆರೆಯಲು ಮನಸ್ಸು ಹಿಂಜರಿಯುವುದು ಸಹಜವೇ. ಅದನ್ನು ನಾಡಕಚೇರಿಯ ಒಂದು ಕೆಲಸವೆಂದಷ್ಟೇ ಎಣಿಸಿ ನಿಮ್ಮನ್ನು ನೀವು ಗದರಿಸಿಕೊಂಡರೆ ಪ್ರಯೋಜನವಾಗದು.

ಮಾಡಬಹುದಾದದ್ದು ಇಷ್ಟು. ‘ಈ ತಿಂಗಳು ಖಾತೆ ಮಾಡಿಸುತ್ತೇನೆ’ ಎಂಬ ಸಂಕಲ್ಪವನ್ನು ಬಿಟ್ಟು, ‘ಸೋಮವಾರ ಬೆಳಗಿನ ತಿಂಡಿಯಾದ ಕೂಡಲೇ ಜಗುಲಿಯಲ್ಲಿ ಕುಳಿತು ಪ್ರಮಾಣಪತ್ರ ಮತ್ತು ಪಹಣಿಯ ಪ್ರತಿಯನ್ನು ಒಂದು ಚೀಲಕ್ಕೆ ಹಾಕುತ್ತೇನೆ’ ಎಂದು ಬರೆದಿಟ್ಟುಕೊಳ್ಳಿ. ಆ ದಿನಕ್ಕೆ ಅಷ್ಟೇ ಸಾಕು. ಯಾವಾಗ, ಎಲ್ಲಿ, ಏನು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡವರು ಬರಿಯ ಸಂಕಲ್ಪ ಮಾಡಿದವರಿಗಿಂತ ಹೆಚ್ಚಾಗಿ ಕೆಲಸ ಪೂರೈಸುತ್ತಾರೆಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ತೋರಿಸಿದ್ದಾರೆ. ಸಾಧ್ಯವಿದ್ದರೆ ಆ ದಿನ ಮನೆಯವರೊಬ್ಬರು ನಿಮ್ಮ ಪಕ್ಕದಲ್ಲಿ ಕುಳಿತಿರಲಿ. ಇಂಥ ಕಾಗದಗಳನ್ನು ಒಂಟಿಯಾಗಿ ತೆರೆಯುವುದು ಕಷ್ಟ.

ಉತ್ತರ 2: ಬೋಟುಗಳ ಲೆಕ್ಕ ಬರೆಯುವವರು, ಬೈತಖೋಲ, ಕಾರವಾರ

ಶಿಕ್ಷಕಿಯವರ ಮಾತು ಪೌತಿ ಖಾತೆಗೆ ಸರಿಯಾಗಿ ಹೊಂದುತ್ತದೆ. ಅಂಗಡಿಗಳ ಲೆಕ್ಕದ ವಿಷಯ ಬೇರೆಯೆಂದು ನನ್ನ ಅಭಿಪ್ರಾಯ. ಅಲ್ಲಿ ದುಃಖವಿಲ್ಲ, ಗಡುವು ತಪ್ಪಾದ ಜಾಗದಲ್ಲಿದೆ. ನಮ್ಮ ಬಂದರಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಬಲೆಯ ದುರಸ್ತಿ, ಎಂಜಿನ್ ಕೆಲಸ, ಬಣ್ಣ, ಎಲ್ಲವೂ ಆ 61 ದಿನಗಳಲ್ಲಿ ಆಗಬೇಕು. ಇದಕ್ಕೆ ಹೊರಗಿನಿಂದ ಬಂದ ದಿನಾಂಕವಿದೆ. ಜೊತೆಗೆ ಕೆಲಸ ಮುಗಿಯದ ಬೋಟು ಎಲ್ಲರ ಕಣ್ಣಿಗೂ ಬೀಳುತ್ತದೆ. ನಿಮ್ಮ ತೋಟದಲ್ಲಿಯೂ ಹಾಗೆಯೇ ತಾನೇ? ಔಷಧಿ ತಪ್ಪಿದರೆ ಉದುರಿದ ಕೊಳೆ ಅಡಿಕೆಯನ್ನು ಊರೆಲ್ಲ ನೋಡುತ್ತದೆ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಒಮ್ಮೆ ಕೊಟ್ಟ ದಿನ ಕಳೆದರೆ ಮತ್ತೆ ಸಿಗುವುದು ಕಷ್ಟ. ಬರೆಯದ ಲೆಕ್ಕವಾದರೋ ಕಂಪ್ಯೂಟರಿನೊಳಗೆ ಯಾರಿಗೂ ಕಾಣದಂತೆ ಕುಳಿತಿರುತ್ತದೆ.

ಡ್ಯಾನ್ ಆರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರೋಕ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮೂರು ಬರಹಗಳ ತಪ್ಪು ತಿದ್ದುವ ಕೆಲಸವನ್ನು ಕೆಲವರಿಗೆ ವಾರಕ್ಕೊಂದರಂತೆ ಒಪ್ಪಿಸಲು ಹೇಳಿ, ಕೆಲವರಿಗೆ ಗಡುವನ್ನು ತಾವೇ ಗೊತ್ತುಮಾಡಿಕೊಳ್ಳಲು ಬಿಟ್ಟು, ಉಳಿದವರಿಗೆ ಎಲ್ಲವನ್ನೂ ಕೊನೆಯ ದಿನ ಕೊಟ್ಟರೆ ಸಾಕೆಂದರು. ವಾರವಾರ ಒಪ್ಪಿಸಿದವರ ಕೆಲಸ ಎಲ್ಲಕ್ಕಿಂತ ಚೆನ್ನಾಗಿತ್ತು, ಕೊನೆಯ ದಿನ ಒಪ್ಪಿಸಿದವರದು ಎಲ್ಲಕ್ಕಿಂತ ಕೆಳಗಿತ್ತು, ತಾವೇ ಗಡುವು ಹಾಕಿಕೊಂಡವರು ನಡುವೆ ನಿಂತರು. ಜಿಎಸ್‌ಟಿಯಲ್ಲಿ ಪ್ರತಿ ತಿಂಗಳು ವಿವರ ಸಲ್ಲಿಸುವ ಅಂಗಡಿಗಳಾದರೆ, ಮಾರಾಟದ ವಿವರಕ್ಕೆ ಮುಂದಿನ ತಿಂಗಳ 11, ತೆರಿಗೆಯ ವಿವರಕ್ಕೆ 20 ಸಾಮಾನ್ಯ ಗಡುವು. ನೀವು ಅದನ್ನೇ ನಂಬಿ ಕುಳಿತಿದ್ದೀರಿ. ಬಿಲ್ಲುಗಳನ್ನು ತಿಂಗಳ 10ಕ್ಕೆ, 20ಕ್ಕೆ ಮತ್ತು ಕೊನೆಯ ದಿನ, ಹೀಗೆ ಮೂರು ಕಂತಿನಲ್ಲಿ ಕಳುಹಿಸುವಂತೆ ಅಂಗಡಿಯವರಿಗೆ ಹೇಳಿ, ಕಂತು ಕೈಸೇರಿದ ಮೂರನೆಯ ದಿನ ಅದರ ಮೊತ್ತವನ್ನು ಅವರಿಗೆ ತಿಳಿಸುತ್ತೇನೆಂದು ಮಾತು ಕೊಡಿ. ಆಗ ಲೆಕ್ಕವನ್ನು ಕೇಳುವ ಮನುಷ್ಯನೊಬ್ಬ ಇರುತ್ತಾನೆ.

ಉತ್ತರ 3: ಸಿದ್ದಾಪುರದಿಂದ

ಒಂದು ಎಚ್ಚರಿಕೆ ಮಾತ್ರ. ತಡೆದಿಟ್ಟ ಕೆಲಸವೆಲ್ಲವೂ ಮುಂದೂಡಿದ ಕೆಲಸವಲ್ಲ. ಸುರಿಯುವ ಮಳೆಯಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದರೆ ಅದು ಗೊನೆಯ ಮೇಲೆ ನಿಲ್ಲದೆ ತೊಳೆದುಹೋಗುತ್ತದೆ. ಆ ಕಾಯುವಿಕೆ ವಿವೇಕ. ನಾನು ಯಾವುದಕ್ಕಾಗಿ ಕಾಯುತ್ತಿದ್ದೇನೆ ಎಂದು ಕೇಳಿಕೊಂಡಾಗ ಸ್ಪಷ್ಟ ಉತ್ತರವಿದ್ದರೆ ಕಾಯಬಹುದು. ಉತ್ತರವಿಲ್ಲದಿದ್ದರೆ ಆ ಕೆಲಸಕ್ಕೆ ಅಂದೇ ಕೈ ಹಾಕಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಕಪಾಟಿನ ಬಗ್ಗೆ ಅಕ್ಕನವರು ಬರೆದದ್ದು ನಿಜ. ಮೂರು ಕಂತಿನ ವಿಷಯವನ್ನು ಅಂಗಡಿಯವರೊಡನೆ ಮಾತನಾಡುತ್ತೇನೆ. ಆದರೆ ಹಳೆಯ ಬಾಕಿ ಕಡತಗಳು ಒಂದಿಷ್ಟಿವೆ. ಅವುಗಳನ್ನು ನೆನೆದಾಗ ನಾಚಿಕೆಯಾಗಿ ಹೊಸ ಕೆಲಸವೂ ನಿಂತುಬಿಡುತ್ತದೆ. ಎಲ್ಲಿಂದ ಆರಂಭಿಸಲಿ?

ಉತ್ತರ 4: ನಿವೃತ್ತ ಶಿಕ್ಷಕಿ, ಕುಮಟಾ

ನಾಚಿಕೆಯನ್ನು ಮೊದಲು ಪಕ್ಕಕ್ಕಿಡಿ, ತಮ್ಮಾ. ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ ವಿದ್ಯಾರ್ಥಿಗಳ ಪೈಕಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಓದನ್ನು ಕಡಿಮೆ ಮುಂದೂಡಿದರು ಎಂದು 2010ರ ಅಧ್ಯಯನವೊಂದು ಕಂಡುಕೊಂಡಿತು. ನಾನು ಮೊದಲು ಹೇಳಿದ ಪಿಚಿಲ್ ಅವರೂ ಅದನ್ನು ನಡೆಸಿದವರಲ್ಲಿ ಒಬ್ಬರು. ನಾನು ಪಾಠ ಹೇಳಿದ ಮಕ್ಕಳಲ್ಲಿಯೂ ಇದನ್ನು ಕಂಡಿದ್ದೇನೆ: ಬೈಸಿಕೊಂಡ ಮಗು ಪುಸ್ತಕವನ್ನು ಇನ್ನಷ್ಟು ದೂರ ಇಡುತ್ತದೆ.

ಆರಂಭವನ್ನು ಹಳೆಯ ಕಡತದಿಂದ ಮಾಡಬೇಡಿ. ಈ ತಿಂಗಳ ಲೆಕ್ಕವನ್ನು ಬೆಳಿಗ್ಗೆ ಮೊದಲು ಬರೆದು, ಅದು ಮುಗಿದ ದಿನಗಳಲ್ಲಿ ಮಾತ್ರ ಬಾಕಿಯದರಲ್ಲಿ ಒಂದನ್ನು ತೆಗೆಯಿರಿ. ಅವುಗಳಲ್ಲಿಯೂ ದಂಡ ಏರುತ್ತಿರುವುದು ಯಾವುದೋ ಅದು ಮೊದಲು. ಯಾರಿಗೂ ಬೇಡವಾದ ಕಡತವಿದ್ದರೆ ಸಂಬಂಧಿಸಿದವರನ್ನು ಕೇಳಿ ಪಟ್ಟಿಯಿಂದಲೇ ಹೊಡೆದುಹಾಕಿ.