48 ಸಾವಿರ ಕೊಟ್ಟು ಸಿಎನ್‌ಸಿ ಸರ್ಟಿಫಿಕೇಟ್ ಮಾಡಿದರೆ ದುಡ್ಡು ವಾಪಸ್ ಬರುತ್ತಾ?

ಪಾಂಡವಪುರ ಟರ್ನರ್

ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಐಟಿಐ ಟರ್ನರ್ (ಲೇತ್ ಕೆಲಸ) ಮುಗಿಸಿ ತೂಬಿನಕೆರೆಯ ಒಂದು ಕಂಪನಿಯಲ್ಲಿ ಗುತ್ತಿಗೆ ಮೇಲೆ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ಲೋಹ ಕತ್ತರಿಸುವ ಮಷೀನ್) ಆಪರೇಟರ್ ಆಗಿದ್ದೇನೆ. ಪಿಎಫ್, ಇಎಸ್‌ಐ ಹಿಡಿದು ಕೈಗೆ 14,500 ಬರುತ್ತದೆ. ಎರಡು ವರ್ಷದಿಂದ ಒಂದೇ ಕೆಲಸ. ಜಾಬ್ ಹಾಕು, ಬಾಗಿಲು ಮುಚ್ಚು, ಸೈಕಲ್ ಸ್ಟಾರ್ಟ್ ಒತ್ತು, ಬಿಚ್ಚು. ಆಫ್‌ಸೆಟ್, ಅಂದ್ರೆ ಟೂಲ್ ಎಷ್ಟು ಸರಿಯಬೇಕು ಅಂತ ಮಷೀನಿಗೆ ಕೊಡುವ ಅಳತೆ, ಮುಟ್ಟೋಕೆ ಬಿಡುವುದಿಲ್ಲ.

ಮೈಸೂರಿನಲ್ಲಿ ಒಂದು ಪ್ರೈವೇಟ್ ಇನ್‌ಸ್ಟಿಟ್ಯೂಟ್‌ನವರು 6 ತಿಂಗಳ ಸಿಎನ್‌ಸಿ ಪ್ರೋಗ್ರಾಮಿಂಗ್ ಕೋರ್ಸಿಗೆ 48,000 ಕೇಳುತ್ತಿದ್ದಾರೆ. ಕೆಲಸ ಗ್ಯಾರಂಟಿ ಅಂತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಕ್ಲಾಸ್, ಹಾಗಾಗಿ ಈಗಿನ ಕೆಲಸ ಬಿಡಬೇಕು. ಕಬ್ಬಿನ ಬಿಲ್ ಬಂದ ಮೇಲೆ ಕಟ್ಟೋಣ ಅಂತ ಅಪ್ಪ ಹೇಳಿದ್ದಾರೆ. ಅದೇ ನನಗೆ ಸಂಕಟ, ಯಾಕಂದ್ರೆ ತಂಗಿಯ ಪಿಯು ಫೀಸೂ ಅದೇ ದುಡ್ಡಲ್ಲಿ ಆಗಬೇಕು. ಸೇರಬಹುದಾ?

ಹೂಟಗಳ್ಳಿ ಸೆಟ್ಟರ್

ತಮ್ಮಾ, ಖರ್ಚು 48,000 ಅಲ್ಲ. 6 ತಿಂಗಳು ಸಂಬಳ ಇಲ್ಲ ಅಂದ್ರೆ ಅದೇ 87,000. ಎರಡೂ ಸೇರಿ 1,35,000, ಟ್ರೈನ್ ಪಾಸು, ಊಟ ಬಿಟ್ಟು. ಕೋರ್ಸ್ ಆದ ಮೇಲೆ ತಿಂಗಳಿಗೆ 3,500 ಜಾಸ್ತಿ ಸಿಕ್ಕಿತು ಅಂತ ಇಟ್ಟುಕೋ, ಅದು ತೀರಲು 3 ವರ್ಷದ ಮೇಲೆ ಬೇಕು. ಕೆಲಸ ಬಿಡದೆ ಭಾನುವಾರದ ಬ್ಯಾಚ್‌ನಲ್ಲಿ ಅದೇ ಫೀಸಿಗೆ ಕಲಿತರೆ 14 ತಿಂಗಳಲ್ಲಿ ತೀರುತ್ತದೆ. ಫೀಸಿಗಿಂತ ಸಂಬಳ ನಿಲ್ಲುವುದೇ ದೊಡ್ಡ ಹೊಡೆತ.

ಇನ್ನೊಂದು ಮಾತು. ಸಂಬಳ ಏರುವುದು ಆಪರೇಟರ್ ಸೆಟ್ಟರ್ ಆದಾಗ, ಅಂದ್ರೆ ಹೊಸ ಜಾಬ್‌ಗೆ ಟೂಲ್, ಆಫ್‌ಸೆಟ್ ಹೊಂದಿಸಿ ಮಷೀನ್ ರೆಡಿ ಮಾಡುವವನಾದಾಗ. ನಮ್ಮಲ್ಲಿ ಇಂಟರ್‌ವ್ಯೂಗೆ ಬಂದವರ ಕೈಗೆ ಮೈಕ್ರೋಮೀಟರ್ ಮತ್ತು ಒಂದು ಪಿನ್ ಕೊಡುತ್ತೇವೆ. ಡ್ರಾಯಿಂಗ್‌ನಲ್ಲಿ ಡಯಾ (ವ್ಯಾಸ) 25.00 ಮಿ.ಮೀ. ಇದೆ, ನಿನಗೆ 25.04 ಬಂತು, ವೇರ್ ಆಫ್‌ಸೆಟ್‌ನಲ್ಲಿ (ಟೂಲ್ ಸವೆದಾಗ ಸೈಜ್ ಸರಿಪಡಿಸಲು ಕೊಡುವ ಅಳತೆ) ಎಷ್ಟು ಹಾಕ್ತೀಯಾ ಅಂತ ಕೇಳುತ್ತೇವೆ. ಸರಿ ಉತ್ತರ, ಎಕ್ಸ್‌ನಲ್ಲಿ (ಡಯಾ ಬದಲಿಸುವ ದಿಕ್ಕು) ಮೈನಸ್ 0.04. ಸರ್ಟಿಫಿಕೇಟ್ ಲ್ಯಾಮಿನೇಟ್ ಮಾಡಿಸಿಕೊಂಡು ಬಂದ ಎಷ್ಟೋ ಹುಡುಗರು ರೇಡಿಯಸ್ ಲೆಕ್ಕ ಹಿಡಿದು 0.02 ಅಂತಾರೆ. ಆ ಮಷೀನ್ ಡಯಾ ಲೆಕ್ಕದಲ್ಲಿ ಓಡುತ್ತದೆ ಅಂತ ಅವರಿಗೆ ಯಾರೂ ಮಷೀನ್ ಮುಂದೆ ನಿಲ್ಲಿಸಿ ತೋರಿಸಿಯೇ ಇಲ್ಲ. ನನಗೆ ಅವರ ಮೇಲೆ ಕೋಪ ಬರುವುದಿಲ್ಲ, ದುಡ್ಡು ತೆಗೆದುಕೊಂಡವರ ಮೇಲೆ ಬರುತ್ತದೆ.

ಕೂರ್ಗಳ್ಳಿ ಕ್ವಾಲಿಟಿ

ಇಂಥದೇ ಒಂದು ಕೋರ್ಸನ್ನು ನಾನೂ ಮಾಡಿದ್ದೆ, ಹೆಸರು ಬೇಡ. ಮಷೀನ್ ಒಂದೇ ಒಂದು, ನಾವು 30 ಜನ. ದಿನಕ್ಕೆ 2 ಗಂಟೆ ಪ್ರಾಕ್ಟಿಕಲ್, ತಿಂಗಳಿಗೆ 26 ದಿನ, 6 ತಿಂಗಳಿಗೆ 312 ಗಂಟೆ. ಹಂಚಿದರೆ ತಲೆಗೆ 10 ಗಂಟೆ ಚಿಲ್ಲರೆ. ಉಳಿದದ್ದು ಜಿ00, ಜಿ01 ಅನ್ನೋ ಪ್ರೋಗ್ರಾಂ ಕೋಡ್‌ಗಳನ್ನು ಬೋರ್ಡ್ ಮೇಲೆ ಬರೆಸಿ ಬಾಯಿಪಾಠ, ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್. ಕೊಡಿಸಿದ ಕೆಲಸವೂ ಗುತ್ತಿಗೆ ಆಪರೇಟರ್ ಕೆಲಸವೇ, ನೀನು ಈಗ ಮಾಡ್ತಿರೋದೇ. ಅಮ್ಮನ ಸರ ಅಡ ಇಟ್ಟಿದ್ದೆವು, ಬಿಡಿಸಿಕೊಳ್ಳಲು ಒಂದೂವರೆ ವರ್ಷ ಆಯಿತು.

ದಯವಿಟ್ಟು ಮೊದಲು ಹೋಗಿ ನೋಡು. ಮಷೀನ್ ಎಷ್ಟು, ಬ್ಯಾಚ್‌ಗೆ ಎಷ್ಟು ಜನ, ಹಿಂದಿನ ಬ್ಯಾಚ್‌ನವರು ಈಗ ಎಲ್ಲಿದ್ದಾರೆ ಅಂತ ಕೇಳು. ಮಷೀನ್ ಪಕ್ಕದ ಚಿಪ್ ಟ್ರೇ ನೋಡು. ಹೊಸ ಕಬ್ಬಿಣದ ಸುರುಳಿ ಇಲ್ಲ ಅಂದ್ರೆ ಅಲ್ಲಿ ಯಾರೂ ಏನೂ ಕಟ್ ಮಾಡುತ್ತಿಲ್ಲ.

ಮದ್ದೂರು ಮೇಷ್ಟ್ರು

ಪ್ರೈವೇಟ್‌ಗೆ ಹೋಗುವ ಮೊದಲು ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ವಿಚಾರಿಸಿದೆಯಾ? ಮೈಸೂರಿನ ಮೇಟಗಳ್ಳಿಯಲ್ಲಿದೆ, ನಮ್ಮ ಮದ್ದೂರಿನಲ್ಲೂ ಇದೆ. ಅಲ್ಲಿನ ಟೂಲ್ ಅಂಡ್ ಡೈ ಡಿಪ್ಲೊಮಾ 3 ವರ್ಷ ಓದು, 1 ವರ್ಷ ಕಂಪನಿ ಟ್ರೇನಿಂಗ್. ಅದು ನಿನಗೆ ಉದ್ದವಾಯಿತು. ಆದರೆ ಸಿಎನ್‌ಸಿಯ ಸಣ್ಣ ಕೋರ್ಸುಗಳನ್ನೂ ನಡೆಸುತ್ತಾರೆ, ಮತ್ತು ಅದು ಟೂಲ್ ರೂಮ್, ಅಂದ್ರೆ ಅಚ್ಚು, ಡೈ ತಯಾರಿಸುವ ವರ್ಕ್‌ಶಾಪ್, ನಿಜವಾದ ಜಾಬ್ ಓಡುವ ಜಾಗ.

ಅಪ್ರೆಂಟಿಸ್ ದಾರಿಯೂ ಇದೆ. ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನವರು ಅರ್ಜಿ ಕರೆದಾಗ ಎಸ್‌ಎಸ್‌ಎಲ್‌ಸಿ, ಐಟಿಐ ಅಂಕ ನೋಡಿ ತೆಗೆದುಕೊಳ್ಳುತ್ತಾರೆ. ಸಾಮಾನ್ಯ ವರ್ಗಕ್ಕೆ 24 ವರ್ಷದ ಮಿತಿ, ನಿನಗೆ ಟೈಮ್ ಕಡಿಮೆ ಇದೆ. ಅಲ್ಲಿ ನಿನ್ನ ಐಟಿಐ ಸರ್ಟಿಫಿಕೇಟ್‌ಗೇ ಬೆಲೆ, ಪ್ರೈವೇಟ್ ಕಾಗದಕ್ಕಲ್ಲ. ಆದರೆ 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ ಸ್ಟೈಪೆಂಡ್ 7,000 ಅಂತಿದ್ದದ್ದು. ಈಗಿನ ಸಂಬಳದ ಅರ್ಧ ಅಂತ ಇಟ್ಟುಕೊಂಡರೂ ಒಂದು ವರ್ಷಕ್ಕೆ 90,000ದ ಹತ್ತಿರ ಕಳೆದುಕೊಳ್ಳುತ್ತೀಯಾ. ಪಿಎಫ್, ಇಎಸ್‌ಐ ಕೂಡ ಇರುವುದಿಲ್ಲ. ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡು.

ಎರಡು ವರ್ಷದ ಐಟಿಐ ಆದವರಿಗೆ ಪಾಲಿಟೆಕ್ನಿಕ್‌ನಲ್ಲಿ ನೇರ ಎರಡನೇ ವರ್ಷಕ್ಕೆ ಸೀಟ್ ಸಿಗುತ್ತದೆ ಅನ್ನೋದನ್ನೂ ನೆನಪಿಟ್ಟುಕೋ.

ಪಾಂಡವಪುರ ಟರ್ನರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಜೆ ಹಾಕಿ ಇನ್‌ಸ್ಟಿಟ್ಯೂಟ್‌ಗೆ ಹೋಗಿದ್ದೆ. ಎರಡು ಮಷೀನ್, ಒಂದು ಕೆಟ್ಟು ನಿಂತಿದೆ. ಕೂರ್ಗಳ್ಳಿ ಅಕ್ಕ ಹೇಳಿದ ಟ್ರೇ ನೋಡಿದೆ, ಧೂಳು ಕೂತಿತ್ತು. ಅಪ್ಪನಿಗೆ ಫೋನ್ ಮಾಡಿ ಈಗ ಬೇಡ ಅಂದೆ. ಸೋಮವಾರ ಮದ್ದೂರಿಗೆ ಹೋಗಿ ಸಣ್ಣ ಕೋರ್ಸಿನ ಫೀಸು, ಟೈಮಿಂಗ್ ಕೇಳಿಕೊಂಡು ಬರುತ್ತೇನೆ. ಹೂಟಗಳ್ಳಿ ಅಣ್ಣಾ, ಸೆಟ್ಟರ್ ಜೊತೆ ಹೆಲ್ಪರ್ ಆಗಿ ನೈಟ್ ಶಿಫ್ಟ್ ಹಾಕಿ ಅಂತ ಸೂಪರ್‌ವೈಸರ್‌ನ ಕೇಳಬಹುದಾ?

ಹೂಟಗಳ್ಳಿ ಸೆಟ್ಟರ್

ಇವತ್ತೇ ಕೇಳು. ರಾತ್ರಿ ಜಾಬ್ ಚೇಂಜ್ ಆಗುವಾಗ ಸೆಟ್ಟರ್‌ಗೂ ಒಂದು ಕೈ ಬೇಕಿರುತ್ತದೆ. ಒಂದು ಸಣ್ಣ ನೋಟ್‌ಬುಕ್ ಜೇಬಲ್ಲಿಟ್ಟುಕೋ, ಅವರು ಯಾವ ಟೂಲ್‌ಗೆ ಎಷ್ಟು ಆಫ್‌ಸೆಟ್ ಕೊಟ್ಟರು, ಆಮೇಲೆ ಸೈಜ್ ಎಷ್ಟು ಬಂತು, ಎರಡನ್ನೂ ಬರೆದುಕೋ. ಅರ್ಥ ಆಗದಿದ್ದರೆ ಇಲ್ಲಿ ಹಾಕು, ನಾನು ನೋಡ್ತೀನಿ.